ಸಂಜೆ ಐದರ ನಂತರದ ಮೆಲ್ಬರ್ನ್

1980ರ ದಶಕದಲ್ಲಿ ಸಂಜೆ ಐದಾಯಿತೆಂದರೆ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ನಡುಭಾಗ ಬಿಕೋ ಎನ್ನುತ್ತಿತ್ತು. ಬ್ಯಾಂಕು, ವಿಮಾ ಕಂಪನಿ, ಸರ್ಕಾರಿ ಕಚೇರಿಗಳ ನೌಕರರು ರೈಲು, ಟ್ರಾಮು, ಕಾರು ಹಿಡಿದು ದೂರದ ಬಡಾವಣೆಗಳಿಗೆ ಹೊರಟುಬಿಡುತ್ತಿದ್ದರು. ಅಂಗಡಿಗಳ ಬಾಗಿಲು ಮುಚ್ಚುತ್ತಿತ್ತು. ಉದ್ದಿನ ವಡೆಯ ಹಾಗೆ ಊರಿನ ಸುತ್ತ ಜನ, ನಡುವೆ ತೂತು. ಎರಡು ದಶಕ ಕಳೆಯುವಷ್ಟರಲ್ಲಿ ಅದೇ ಬೀದಿಗಳಲ್ಲಿ ರಾತ್ರಿಯೂ ಜನ ಓಡಾಡತೊಡಗಿದರು. ಒಂದೇ ಏಟಿಗೆ ಎಲ್ಲವನ್ನೂ ಕೆಡವಿ ಕಟ್ಟಿದ್ದರಿಂದ ಆದದ್ದಲ್ಲ ಇದು. ಸ್ವಲ್ಪ ಮಾಡಿ, ಅಳೆದು ನೋಡಿ, ಮತ್ತೆ ಸ್ವಲ್ಪ ಮಾಡಿದ್ದರ ಫಲ.

1985ರಲ್ಲಿ ನಗರಸಭೆ ಒಂದು ಕಾರ್ಯನೀತಿ ರೂಪಿಸಿತು. ಅದೇ ಕಾಲಕ್ಕೆ ನಗರ ವಿನ್ಯಾಸದ ಹೊಣೆ ಹೊತ್ತ ರಾಬ್ ಆಡಮ್ಸ್ ಮುಂದೆ ಮೂರು ದಶಕಕ್ಕೂ ಹೆಚ್ಚು ಕಾಲ ಅಲ್ಲೇ ಉಳಿದರು. ಹೊಸದನ್ನು ತರುವ ಮುನ್ನ ಊರಿನಲ್ಲಿ ಈಗಾಗಲೇ ಇರುವುದನ್ನು ಓದಬೇಕು ಎಂಬುದು ಆ ತಂಡದ ಮೊದಲ ಪಾಠವಾಗಿತ್ತು.

ಇದ್ದದ್ದಾದರೂ ಏನು? 1837ರಲ್ಲಿ ರಾಬರ್ಟ್ ಹಾಡಲ್ ಎಂಬ ಸರ್ವೇಯರ್ ಎಳೆದ ಚೌಕುಳಿ ಬೀದಿಗಳು. ದೊಡ್ಡ ಬೀದಿಗಳ ಅಗಲ 99 ಅಡಿ. ಅವುಗಳ ನಡುವೆ ಪೂರ್ವ-ಪಶ್ಚಿಮವಾಗಿ ಸಾಗುವ ಚಿಕ್ಕ ಬೀದಿಗಳದು 33 ಅಡಿ, ಅಂದರೆ ಸರಿಯಾಗಿ ನಮ್ಮ ಒಂದು ಗುಂಟೆಯ ಬದಿಯಷ್ಟು. ಇಷ್ಟು ಸಾಲದೆಂಬಂತೆ, ಹಿತ್ತಿಲಿಗೆ ಸರಕು ಸಾಗಿಸಲು, ಕೊಳಕು ಹೊರಹಾಕಲು ಹುಟ್ಟಿಕೊಂಡ ಓಣಿಗಳು ಬೇರೆ. ಈ ಓಣಿಗಳನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಆದರೆ ನಡೆಯುವವನ ದೃಷ್ಟಿಯಿಂದ ಅವೇ ಬಂಗಾರ. ಇನ್ನೂರು ಮೀಟರ್ ಉದ್ದದ ಕಟ್ಟಡಸಾಲನ್ನು ಓಣಿಯೊಂದು ಸೀಳಿದರೆ ಸುತ್ತುದಾರಿ ತಪ್ಪುತ್ತದೆ, ಒಂದೆಡೆಯಿಂದ ಇನ್ನೊಂದೆಡೆಗೆ ಹೋಗಲು ಹಲವು ದಾರಿ ಸಿಗುತ್ತವೆ. ಬೀದಿಯ ಜೀವಂತಿಕೆಗೆ ಗಿಡ್ಡ ಕಟ್ಟಡಸಾಲು, ಬೆರಕೆ ಬಳಕೆ, ಹಳೆಯ ಕಟ್ಟಡ, ಜನದಟ್ಟಣೆ ಈ ನಾಲ್ಕೂ ಬೇಕೆಂದು ಅಮೆರಿಕದ ಜೇನ್ ಜೇಕಬ್ಸ್ 1961ರಲ್ಲೇ ವಾದಿಸಿದ್ದರು. ಮೆಲ್ಬರ್ನಿನಲ್ಲಿ ಮೊದಲನೆಯದೂ ಮೂರನೆಯದೂ ಸಿದ್ಧವಾಗಿಯೇ ಇದ್ದವು.

ಮೊದಲ ಹಂತದ ಕೆಲಸಗಳು ನೋಡಲು ತೀರಾ ಸಾಮಾನ್ಯ. ಪಾದಚಾರಿ ಮಾರ್ಗ ಅಗಲವಾಯಿತು. ಡಾಂಬರು ಕಿತ್ತು ಸ್ಥಳೀಯ ಕಪ್ಪುಗಲ್ಲು ಹಾಸಲಾಯಿತು. ವರ್ಷವರ್ಷವೂ ಮರ ನೆಡಲಾಯಿತು. 1992ರಲ್ಲಿ ನಡುಬೀದಿಯಾದ ಸ್ವಾನ್‌ಸ್ಟನ್ ಸ್ಟ್ರೀಟಿನಿಂದ ಕಾರುಗಳಿಗೆ ಬಹುಮಟ್ಟಿಗೆ ವಿದಾಯ ಹೇಳಿ ಅದನ್ನು ಟ್ರಾಮು ಮತ್ತು ಕಾಲ್ನಡಿಗೆಗೆ ಬಿಡಲಾಯಿತು. ಬೀದಿಯ ಅಂಚಿನಲ್ಲಿ ಏನಿರಬೇಕೆಂಬುದಕ್ಕೂ ಲೆಕ್ಕವಿದೆ. ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ನಡೆಯುವವನು ಸೆಕೆಂಡಿಗೆ ಸುಮಾರು 1.4 ಮೀಟರ್ ಸಾಗುತ್ತಾನೆ. ಆರು ಮೀಟರಿಗೊಂದು ಬಾಗಿಲಿದ್ದರೆ ನಾಲ್ಕು ಸೆಕೆಂಡಿಗೊಮ್ಮೆ ಕಣ್ಣಿಗೆ ಹೊಸದೇನೋ ಬೀಳುತ್ತದೆ. ಅದೇ ಅರವತ್ತು ಮೀಟರಿನ ಬೋಳು ಗೋಡೆಯಾದರೆ ನಲವತ್ತಕ್ಕೂ ಹೆಚ್ಚು ಸೆಕೆಂಡು ನೋಡಲು ಏನೂ ಇಲ್ಲ. ಅಂಥ ಕಡೆ ಕಾಲು ತಾನಾಗಿ ಚುರುಕಾಗುತ್ತದೆ, ನಿಲ್ಲುವ ಮಾತೇ ಇಲ್ಲ.

ಎರಡನೆಯ ಹಂತಕ್ಕೆ ಆರ್ಥಿಕ ಕುಸಿತವೇ ನೆಪವಾಯಿತು. 1990ರ ಆಸುಪಾಸು ಆಸ್ತಿ ಮಾರುಕಟ್ಟೆ ಬಿದ್ದು, ಕಚೇರಿ ಕಟ್ಟಡಗಳು ಬಾಡಿಗೆದಾರರಿಲ್ಲದೆ ಖಾಲಿ ಬಿದ್ದವು. ನಗರಸಭೆಯೂ ರಾಜ್ಯ ಸರ್ಕಾರವೂ ಸೇರಿ 1992ರಲ್ಲಿ 'ಪೋಸ್ಟ್‌ಕೋಡ್ 3000' ಯೋಜನೆ ಆರಂಭಿಸಿದವು. ನಗರಕೇಂದ್ರದ ಪಿನ್‌ಕೋಡೇ ಅದರ ಹೆಸರು. ಕಚೇರಿಯನ್ನು ಮನೆಯಾಗಿಸುವವರಿಗೆ ಶುಲ್ಕ ವಿನಾಯಿತಿ, ತಾಂತ್ರಿಕ ನೆರವು, ಸರಳ ಪರವಾನಗಿ ಸಿಕ್ಕಿದವು. ಇದಕ್ಕೆ ಹಳೆಯ ಕಟ್ಟಡಗಳೇ ಒಗ್ಗುತ್ತವೆ. ಕಿಟಕಿಯಿಂದ ಆರೇಳು ಮೀಟರ್ ಒಳಗೆ ಹೋಗುವಷ್ಟರಲ್ಲಿ ಹಗಲಿನ ಬೆಳಕು ಮಂಕಾಗುತ್ತದೆ. ವಿದ್ಯುದ್ದೀಪ, ಹವಾನಿಯಂತ್ರಣ ಬರುವ ಮೊದಲು ಕಟ್ಟಿದವರಿಗೆ ಅದು ಗೊತ್ತಿತ್ತು. ಆಮೇಲಿನ ದಪ್ಪ ಗೋಪುರಗಳ ಹೊಟ್ಟೆಯೊಳಗೆ ಮಲಗುವ ಕೋಣೆ ಮಾಡುವುದು ಕಷ್ಟ. 1992ರಲ್ಲಿ ನಗರಕೇಂದ್ರದ ನಿವಾಸಿಗಳು ಸಾವಿರದಷ್ಟಿದ್ದರು. ಹತ್ತು ವರ್ಷದಲ್ಲಿ ಒಂಬತ್ತು ಸಾವಿರ ದಾಟಿದರು. ರಾತ್ರಿ ಹಾಲು, ಬ್ರೆಡ್ಡು ಬೇಕೆನ್ನುವವರು ಬಂದ ಮೇಲೆ ರಾತ್ರಿ ಅಂಗಡಿ ತೆರೆಯುವವರೂ ಬಂದರು.

ಈ ಹಂತಗಳನ್ನು ಒಂದಕ್ಕೊಂದು ಹೊಲಿದದ್ದು ಎಣಿಕೆ. ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗೆಲ್ ನಗರಸಭೆಯ ಜೊತೆ ಸೇರಿ 1993-94ರಲ್ಲಿ ಬೀದಿಗಳ ಸಮೀಕ್ಷೆ ನಡೆಸಿದರು. ಎಷ್ಟು ಜನ ನಡೆದುಹೋದರು ಎಂಬುದರ ಜೊತೆಗೆ ಎಷ್ಟು ಜನ ನಿಂತರು, ಕೂತರು ಎಂಬುದನ್ನೂ ಅವರು ಬರೆದುಕೊಂಡರು. ದಾಟಿಹೋಗಲು ಕಾರಣ ಬೇಕು, ನಿಲ್ಲಲು ಮನಸ್ಸು ಬೇಕು. ಹಾಗಾಗಿ ಬೀದಿ ಹಿತವಾಗಿದೆಯೇ ಎಂಬುದಕ್ಕೆ ನಿಂತವರ ಸಂಖ್ಯೆಯೇ ಹೆಚ್ಚು ನಂಬಿಕೆಯ ಅಳತೆ. 2004ರಲ್ಲಿ ಅದೇ ಕ್ರಮದಲ್ಲಿ ಮತ್ತೆ ಎಣಿಸಿದಾಗ ವಾರದ ದಿನಗಳ ಸಂಜೆಯ ಪಾದಚಾರಿಗಳು ಹತ್ತಿರಹತ್ತಿರ ಇಮ್ಮಡಿಯಾಗಿದ್ದರು. ಬಳಕೆಗೆ ಬಂದ ಓಣಿಗಳ ಒಟ್ಟು ಉದ್ದ 300 ಮೀಟರಿನಿಂದ ಮೂರು ಕಿಲೋಮೀಟರಿಗೂ ಹೆಚ್ಚಾಗಿತ್ತು. 2009ರಿಂದ ಈ ಎಣಿಕೆಯ ಕೆಲಸವನ್ನು ಸಂವೇದಕಗಳೂ ಮಾಡುತ್ತಿವೆ. ಅಂಕಿಅಂಶ ಯಾರು ಬೇಕಾದರೂ ನೋಡುವಂತೆ ತೆರೆದಿದೆ.

ಅಳತೆ ತಪ್ಪುಗಳನ್ನೂ ಎತ್ತಿ ತೋರಿಸುತ್ತದೆ. ನಗರಕೇಂದ್ರದ ಬಹುಪಾಲು ಬೀದಿಮರಗಳು ಪ್ಲೇನ್ ಎಂಬ ಒಂದೇ ಜಾತಿಯವು. ದಶಕಕ್ಕೂ ಮಿಕ್ಕ ಬರಗಾಲ 2009ರ ಹೊತ್ತಿಗೆ ಮರಗಳನ್ನು ಸೊರಗಿಸಿದಾಗ, ಒಂದೇ ರೋಗ ತಗುಲಿದರೂ ಬೀದಿಬೀದಿಗಳ ನೆರಳೇ ಹೋದೀತೆಂಬ ಅಪಾಯ ಎದ್ದುಕಂಡಿತು. 2012ರ ನಗರಾರಣ್ಯ ನೀತಿ ಹೊಸ ಗುರಿ ಹಾಕಿತು: ಯಾವುದೇ ಒಂದು ಪ್ರಭೇದ ಶೇ. 5ನ್ನು ಮೀರಬಾರದು, ಸಾರ್ವಜನಿಕ ಜಾಗದ ಮರನೆರಳು 2040ರೊಳಗೆ ಶೇ. 22ರಿಂದ 40ಕ್ಕೆ ಏರಬೇಕು.

ಸ್ವಲ್ಪ ಮಾಡಿ ಅಳೆದು ನೋಡುವ ಈ ಕ್ರಮ ಬಿಟ್ಟರೆ ಏನಾದೀತೆಂದು ನೋಡಲು ದೂರ ಹೋಗಬೇಕಿಲ್ಲ. ನಗರಕೇಂದ್ರಕ್ಕೆ ತಾಗಿಕೊಂಡೇ ಡಾಕ್‌ಲ್ಯಾಂಡ್ಸ್ ಇದೆ. ಇನ್ನೂರು ಹೆಕ್ಟೇರಿನಷ್ಟು ಹಳೆಯ ಬಂದರು ಪ್ರದೇಶವನ್ನು ದೊಡ್ಡ ದೊಡ್ಡ ತುಂಡುಗಳಾಗಿ ಮಾಡಿ ಒಂದೊಂದನ್ನೂ ಒಬ್ಬೊಬ್ಬ ನಿರ್ಮಾಣಗಾರನಿಗೆ ವಹಿಸಲಾಯಿತು. ಕಟ್ಟಡಗಳೇನೋ ಎದ್ದವು, ಆದರೆ ಅಲ್ಲಿ ಜೀವಕಳೆಯಿಲ್ಲ, ಗಾಳಿ ಕಾಟವೇ ಹೆಚ್ಚು ಎಂಬ ದೂರು ಬಹುಕಾಲ ತಪ್ಪಲಿಲ್ಲ. ಎತ್ತರಕ್ಕೆ ಹೋದಂತೆ ಗಾಳಿಯ ವೇಗ ಹೆಚ್ಚು. ಅಗಲವಾದ ಗೋಪುರ ಅದಕ್ಕೆ ಅಡ್ಡ ನಿಂತರೆ ಒಂದಷ್ಟು ಗಾಳಿ ಗೋಡೆಗುಂಟ ಕೆಳಗಿಳಿದು ಬೀದಿಗೆ ನುಗ್ಗುತ್ತದೆ. ಮೊದಲ ಗೋಪುರದ ಬುಡದಲ್ಲಿ ಇದನ್ನು ಅಳೆದು ಎರಡನೆಯದನ್ನು ತಿದ್ದಬಹುದು. ಇಡೀ ತುಂಡಿನ ನಕ್ಷೆ ಮೊದಲೇ ಗಟ್ಟಿಯಾಗಿಬಿಟ್ಟರೆ ತಿದ್ದಲು ಹೆಚ್ಚೇನೂ ಉಳಿಯುವುದಿಲ್ಲ.

ಅಳೆಯುವುದು ನಮಗೂ ಹೊಸದಲ್ಲ. 2018ರಲ್ಲಿ ಕಲ್ಲುಹಾಸಿನೊಂದಿಗೆ ಹೊಸರೂಪ ಪಡೆದ ಬೆಂಗಳೂರಿನ ಚರ್ಚ್ ಸ್ಟ್ರೀಟನ್ನು 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ವಾಹನಮುಕ್ತಗೊಳಿಸಲಾಯಿತು. ಗಾಳಿಯ ಗುಣಮಟ್ಟದ ಅಧ್ಯಯನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೂ ಕೈಜೋಡಿಸಿತ್ತು. ಪ್ರಯೋಗ ಮುಗಿದ ಮೇಲೆ ವಾಹನಗಳು ಮರಳಿದವು. ಅಳತೆಯೇನೋ ಆಯಿತು, ಆದರೆ ಅಳತೆಯ ಫಲಕ್ಕೆ ಕಟ್ಟುಬೀಳುವ ಮುಂದಿನ ಹಂತ ಇರಲಿಲ್ಲ.

ಹಂತ ಎಂದರೆ ನಮ್ಮ ಕಾಮಗಾರಿಗಳ ಭಾಷೆಯಲ್ಲಿ ಸಾಮಾನ್ಯವಾಗಿ ಅನುದಾನದ ಕಂತು: ಹಣ ಬಂದಷ್ಟು ರಸ್ತೆ ಅಗೆಯುವುದು. ಮೆಲ್ಬರ್ನಿನಲ್ಲಿ ಪ್ರತಿ ಹಂತವೂ ಉತ್ತರ ಬೇಡುವ ಒಂದು ಪ್ರಶ್ನೆಯಾಗಿತ್ತು. ಆದ್ದರಿಂದ ನಮ್ಮೂರಿನ ಮಾರುಕಟ್ಟೆ ಬೀದಿಗೆ ಕಾಯಕಲ್ಪದ ಯೋಜನೆ ಬಂದಾಗ, ಮುಗಿದ ಮೇಲೆ ಹೇಗೆ ಕಾಣುತ್ತದೆಂಬ ಬಣ್ಣದ ಚಿತ್ರಕ್ಕಿಂತ ಮೊದಲು ಎರಡು ಕಾಗದ ಕೇಳಬೇಕು. ಇವತ್ತು ಆ ಬೀದಿಯಲ್ಲಿ ಯಾವ ಹೊತ್ತಿಗೆ ಎಷ್ಟು ಜನ ನಡೆಯುತ್ತಾರೆ, ಎಷ್ಟು ಜನ ನಿಲ್ಲುತ್ತಾರೆ ಎಂಬ ಲೆಕ್ಕ ಒಂದು. ಮೊದಲ ಹಂತ ಮುಗಿದ ಮೇಲೆ ಆ ಲೆಕ್ಕ ಏರದಿದ್ದರೆ ಎರಡನೆಯದನ್ನು ಹೇಗೆ ಬದಲಿಸುತ್ತೀರಿ ಎಂಬುದಕ್ಕೆ ಉತ್ತರ ಇನ್ನೊಂದು.