ಚುರುಕು ಮಗುವಿಗೆ ಐಕ್ಯೂ ಪರೀಕ್ಷೆ ಬೇಕೆ?

ಮೂರನೇ ತರಗತಿಯ ಮಗು ಆರನೇ ತರಗತಿಯ ಲೆಕ್ಕ ಬಿಡಿಸಿದರೆ ಸಾಕು, ನೆಂಟರಿಷ್ಟರಲ್ಲಿ ಯಾರಾದರೊಬ್ಬರು ‘ಒಮ್ಮೆ ಐಕ್ಯೂ ಟೆಸ್ಟ್ ಮಾಡಿಸಿಬಿಡಿ’ ಎನ್ನುತ್ತಾರೆ. ಮಾಡಿಸಬೇಕೆ ಎಂಬುದು ಮಗು ಎಷ್ಟು ಜಾಣ ಎಂಬುದರ ಮೇಲೆ ನಿಂತಿಲ್ಲ. ಬರುವ ಉತ್ತರದಿಂದ ಮಗುವಿನ ಕಲಿಕೆಯಲ್ಲಿ ಏನು ಬದಲಾಗುತ್ತದೆ ಎಂಬುದರ ಮೇಲೆ ನಿಂತಿದೆ. ಪರೀಕ್ಷೆ ಹುಟ್ಟಿದ್ದೂ ಇಂಥ ಕೆಲಸಕ್ಕಾಗಿಯೇ. ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೊನ್ 1905ರಲ್ಲಿ ಪ್ಯಾರಿಸ್‌ನಲ್ಲಿ ಅದನ್ನು ರೂಪಿಸಿದ್ದು ತರಗತಿಯಲ್ಲಿ ಹಿಂದೆ ಬೀಳುತ್ತಿದ್ದ ಮಕ್ಕಳಲ್ಲಿ ಯಾರಿಗೆ ವಿಶೇಷ ಪಾಠ ಬೇಕು ಎಂದು ತಿಳಿಯಲು. ಮಕ್ಕಳನ್ನು ಮೇಲೆ ಕೆಳಗೆ ಎಂದು ಸಾಲಾಗಿ ನಿಲ್ಲಿಸುವ ಉದ್ದೇಶ ಬಿನೆಗೆ ಇರಲಿಲ್ಲ.

ಆ ಸಾಲು ಬಂದದ್ದು ಆಮೇಲೆ. ಲೂಯಿಸ್ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೆಚ್ಚು ಅಂಕ ಪಡೆದ ಸುಮಾರು 1,500 ಮಕ್ಕಳನ್ನು ಆರಿಸಿ, ಅವರ ಬದುಕನ್ನು ದಶಕಗಳ ಕಾಲ ಗಮನಿಸುವ ಅಧ್ಯಯನ ಆರಂಭಿಸಿದರು. ಅವರಲ್ಲಿ ಬಹಳಷ್ಟು ಮಂದಿ ಚೆನ್ನಾಗಿ ಓದಿ ಒಳ್ಳೆಯ ಉದ್ಯೋಗ ಹಿಡಿದರು, ಅದು ನಿಜ. ಆದರೆ ಪರೀಕ್ಷೆಗೆ ಕೂತೂ ಆಯ್ಕೆಯಾಗದೆ ಉಳಿದ ವಿಲಿಯಂ ಶಾಕ್ಲಿ ಮತ್ತು ಲೂಯಿ ಆಲ್ವಾರೆಜ್ ಮುಂದೆ ಭೌತವಿಜ್ಞಾನದ ನೊಬೆಲ್ ಪಡೆದರು. ಆಯ್ಕೆಯಾದವರಲ್ಲಿ ಯಾರಿಗೂ ಅದು ಬರಲಿಲ್ಲ. ಅಂಕ ಏನನ್ನೂ ಹೇಳುವುದಿಲ್ಲ ಎಂದು ಇದರ ಅರ್ಥವಲ್ಲ. ಮಗು ಈಗ ಯಾವ ಮಟ್ಟದ ಪಾಠಕ್ಕೆ ಸಿದ್ಧವಾಗಿದೆ ಎಂಬುದನ್ನು ಅದು ತಕ್ಕಮಟ್ಟಿಗೆ ಹೇಳುತ್ತದೆ, ಮುಂದೆ ಏನಾಗುತ್ತದೆ ಎಂಬುದನ್ನಲ್ಲ.

ಹಾಗಾದರೆ ಮೇಷ್ಟ್ರ ಕಣ್ಣೇ ಸಾಲದೆ, ಪರೀಕ್ಷೆ ಏಕೆ ಎಂದು ಕೇಳಬಹುದು. ಸಾಲದು ಎನ್ನಲು ಪುರಾವೆ ಇದೆ. ಅಮೆರಿಕದ ಫ್ಲಾರಿಡಾದ ಒಂದು ದೊಡ್ಡ ಶಾಲಾ ಜಿಲ್ಲೆಯಲ್ಲಿ ಪ್ರತಿಭಾವಂತರ ತರಗತಿಗೆ ಶಿಕ್ಷಕರು, ಪೋಷಕರು ಸೂಚಿಸಿದ ಮಕ್ಕಳನ್ನಷ್ಟೇ ಪರೀಕ್ಷಿಸುತ್ತಿದ್ದರು. ಎರಡನೇ ತರಗತಿಯ ಎಲ್ಲರಿಗೂ ಪ್ರಾಥಮಿಕ ಪರೀಕ್ಷೆ ಕೊಡಲು ಶುರುಮಾಡಿದ ಮೇಲೆ ಬಡ, ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳ ಸಂಖ್ಯೆ ಗಣನೀಯವಾಗಿ ಏರಿತು ಎಂದು ಡೇವಿಡ್ ಕಾರ್ಡ್ ಮತ್ತು ಲಾರಾ ಜುಲಿಯಾನೊ ತೋರಿಸಿದ್ದಾರೆ. ಅಷ್ಟು ಮಕ್ಕಳು ಅದುವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆದರೆ ಅಲ್ಲಿ ಅಂಕದ ಹಿಂದೆ ಒಂದು ತರಗತಿ ಕಾದಿತ್ತು. ನಮ್ಮ ಬಹುತೇಕ ಶಾಲೆಗಳಲ್ಲಿ ಅಂಥದ್ದಿಲ್ಲ. ಪರೀಕ್ಷೆಯ ಫಲ ಪೋಷಕರ ಕಪಾಟಿನಲ್ಲಿ ಕೂರುತ್ತದೆ.

ಇಲ್ಲೂ ಪರೀಕ್ಷೆ ನಿಜವಾಗಿ ಬೇಕಾಗುವ ಸಂದರ್ಭವಿದೆ. ಕೇಳಿದ ಕಥೆಯನ್ನು ಎಳೆ ತಪ್ಪದೆ ಹೇಳುವ, ದೊಡ್ಡವರನ್ನು ಪ್ರಶ್ನೆಗಳಿಂದ ಸುಸ್ತುಮಾಡುವ ಮಗು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯಲು ಒದ್ದಾಡುತ್ತಿದೆ ಎನ್ನಿ. ಜಾಣತನ ಡಿಸ್ಲೆಕ್ಸಿಯಾ ಎಂಬ ಓದು-ಬರಹದ ತೊಡಕನ್ನು ಮುಚ್ಚುತ್ತದೆ, ಡಿಸ್ಲೆಕ್ಸಿಯಾ ಜಾಣತನವನ್ನು. ಶಾಲೆಗೆ ಕಾಣುವುದು ‘ಸೋಮಾರಿ’ ಹುಡುಗ ಮಾತ್ರ. ಪರೀಕ್ಷೆಯಲ್ಲಿ ಕೆಂಪು-ಬಿಳಿ ಘನಗಳನ್ನು ಚಿತ್ರದಂತೆ ಜೋಡಿಸುವುದು, ಹೇಳಿದ ಅಂಕಿಗಳನ್ನು ಹಿಂದುಮುಂದಾಗಿ ಒಪ್ಪಿಸುವುದು, ಪದಗಳ ಅರ್ಥ ಹೇಳುವುದು ಬೇರೆ ಬೇರೆ ಭಾಗಗಳು. ಇಂಥ ಮಗುವಿಗೆ ಆ ಭಾಗಗಳ ನಡುವಿನ ಏರುಪೇರು, ಜೊತೆಗೆ ಓದು-ಬರಹದ ಪ್ರತ್ಯೇಕ ಪರೀಕ್ಷೆ, ಇವೇ ದಾರಿ ತೋರುತ್ತವೆ. ಒಟ್ಟು ಅಂಕ ದಾರಿ ತಪ್ಪಿಸಬಹುದು.

ಮಾಡಿಸುವುದಾದರೆ ಯಾವ ಪರೀಕ್ಷೆ ಎಂಬುದೂ ಮುಖ್ಯ. ಮುಂಬಯಿ ಪ್ರಾಂತ್ಯದಲ್ಲಿ ವಿ. ವಿ. ಕಾಮತ್ ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿದ್ದು 1930ರ ದಶಕದಲ್ಲಿ. ಕನ್ನಡದ ಮಕ್ಕಳನ್ನು ಕನ್ನಡದಲ್ಲೇ ಅಳೆಯಲು ಹೊರಟ ಆ ಕೆಲಸ ದೊಡ್ಡದು. ಬಿನೆ-ಕಾಮತ್ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಆದರೆ 20ನೇ ಶತಮಾನದಲ್ಲಿ ಅನೇಕ ದೇಶಗಳಲ್ಲಿ ಸರಾಸರಿ ಅಂಕ ದಶಕಕ್ಕೆ ಸುಮಾರು 3ರಂತೆ ಏರಿತು. ಹಳೆಯ ಮಕ್ಕಳ ಸರಾಸರಿಗೆ ಇಂದಿನ ಮಗುವನ್ನು ಹೋಲಿಸಿದರೆ ಅಂಕ ಉಬ್ಬಿ ಬರುವ ಸಂಭವ ಹೆಚ್ಚು. ಹೊಸ ಪರೀಕ್ಷೆಯಲ್ಲೂ ಐದಾರು ಅಂಕ ಆಚೀಚೆ ಆಗುವುದು ಸಹಜ. 128ಕ್ಕೂ 131ಕ್ಕೂ ನಡುವೆ ಗೋಡೆ ಕಟ್ಟಲಾಗದು. ತೀರಾ ಚಿಕ್ಕ ವಯಸ್ಸಿನ ಅಂಕವಂತೂ ಮುಂದೆ ಹಾಗೇ ಉಳಿಯುತ್ತದೆ ಎಂದು ನಂಬಬೇಡಿ.

ಆದ್ದರಿಂದ ಮನಶ್ಶಾಸ್ತ್ರಜ್ಞರ ಬಳಿ ಹೋಗುವ ಮುನ್ನ ನಿಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ: ಬರೆಯಲು ಏಕೆ ಕಷ್ಟ, ಮೇಲಿನ ತರಗತಿಯ ಗಣಿತ ಕೊಡಬಹುದೆ, ಹೀಗೆ. ಮಗುವಿಗೆ ಚೆನ್ನಾಗಿ ಬರುವ ಭಾಷೆಯಲ್ಲಿ ಪರೀಕ್ಷಿಸುತ್ತಾರೆಯೆ, ಹೋಲಿಕೆಯ ಮಾನದಂಡ ಯಾವ ಕಾಲದ್ದು, ವರದಿಯಲ್ಲಿ ಭಾಗವಾರು ವಿವರ ಇರುತ್ತದೆಯೆ ಎಂದು ಕೇಳಿ. ಬರೆಯಲು ಪ್ರಶ್ನೆಯೇ ಹೊಳೆಯದಿದ್ದರೆ ಪರೀಕ್ಷೆಯನ್ನು ಸದ್ಯಕ್ಕೆ ಬಿಡಿ. ಆ ಹಣದಲ್ಲಿ ಮಗು ಕೇಳುತ್ತಿರುವ ಪುಸ್ತಕಗಳನ್ನು ಕೊಡಿಸಿ.