ಮನೆಗೆ ಬಂದ ನಾಯಿಮರಿ

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ 10ನೆಯ ಶತಮಾನದ ಶಾಸನವೊಂದರಲ್ಲಿ ಕಾಳಿ ಎಂಬ ಬೇಟೆನಾಯಿಯ ವೃತ್ತಾಂತವಿದೆ. ಗಂಗರ ಬೂತುಗನು ತನ್ನ ವೀರನಾದ ಮಣಲೇರನಿಗೆ ಮೆಚ್ಚಿ, ಬೇಡಿದುದನ್ನು ಕೊಡುವೆನೆಂದಾಗ ಅವನು ಬೇಡಿದುದು ಈ ನಾಯಿಯನ್ನು. ಅದು ಕಾಡುಹಂದಿಯೊಡನೆ ಹೋರಾಡಿ ಮಡಿಯಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ನಾಯಿಗೆ ಇಷ್ಟು ಮನ್ನಣೆ ಕೊಟ್ಟ ನಾಡಿನಲ್ಲಿ ಇಂದು ಆಸೆಪಟ್ಟು ತಂದ ಮರಿಯು ತಿಂಗಳೊಳಗಾಗಿ ಬೀದಿಪಾಲಾಗುವುದುಂಟು. ಅದರ ಮೇಲಿನ ಆಪಾದನೆ ಸಾಮಾನ್ಯವಾಗಿ ಒಂದೇ: ಅದು ಮನೆಯನ್ನು ಹೊಲಸುಮಾಡುತ್ತದೆ ಎಂಬುದು. ಈ ಆಪಾದನೆಯನ್ನು ಸ್ವಲ್ಪ ವಿಚಾರಮಾಡಿ ನೋಡೋಣ.

ಹುಟ್ಟಿದ ಮರಿಗೆ ಕಣ್ಣು ತೆರೆದಿರುವುದಿಲ್ಲ, ಕಿವಿಯೂ ಕೇಳಿಸುವುದಿಲ್ಲ. ತಾಯಿ ನೆಕ್ಕಿ ಪ್ರಚೋದಿಸಿದ ಹೊರತು ಅದು ಮಲಮೂತ್ರಗಳನ್ನು ಸಹ ವಿಸರ್ಜಿಸಲಾರದು. ಹಾಗೆ ವಿಸರ್ಜಿಸಿದುದನ್ನು ತಾಯಿಯೇ ನೆಕ್ಕಿ ತೆಗೆದು ಮಲಗುವ ಸ್ಥಳವನ್ನು ಶುಚಿಯಾಗಿಡುತ್ತದೆ. ಸುಮಾರು ಮೂರು ವಾರ ತುಂಬಿ ಕಾಲು ಬಂದಮೇಲೆ ಮರಿಯು ತಾನಾಗಿಯೇ ಹಾಸಿಗೆಯಿಂದ ದೂರ ಸರಿದು ಬಾಧೆ ತೀರಿಸಿಕೊಳ್ಳತೊಡಗುತ್ತದೆ. ಆದುದರಿಂದ ಶುಚಿತ್ವದ ಬೀಜ ನಾಯಿಯ ಸ್ವಭಾವದಲ್ಲಿಯೇ ಇದೆ. ತೊಡಕು ಬೇರೊಂದು ಕಡೆ ಇದೆ. ಮರಿಯ ಪಾಲಿಗೆ ಮನೆಯೆಂದರೆ ತಾನು ಮಲಗುವ ಗೋಣಿತಾಟು ಮಾತ್ರ. ನಮ್ಮ ನಡುಮನೆ, ಪಡಸಾಲೆ, ದೇವರ ಕೋಣೆ ಇವೆಲ್ಲ ಅದಕ್ಕೆ ಬಯಲೇ. ಈ ಬಯಲೂ ಮನೆಯೇ ಎಂಬುದನ್ನು ತಿಳಿಸಿಕೊಡುವುದೇ ನಮ್ಮ ಕೆಲಸ.

ಇದಕ್ಕೆ ಮೊದಲು ಬೇಕಾದುದು ಕಾಲಜ್ಞಾನ. ಎಳೆಯ ಮರಿಗೆ ಮೂತ್ರಕೋಶದ ಮೇಲೆ ಹತೋಟಿ ಕಡಮೆ. ತಿಂಗಳ ಲೆಕ್ಕದ ವಯಸ್ಸಿಗೆ ಒಂದನ್ನು ಕೂಡಿಸಿದರೆ ಎಷ್ಟಾಗುವುದೋ ಅಷ್ಟು ಗಂಟೆಗಳ ಕಾಲ ಅದು ಹೆಚ್ಚೆಂದರೆ ತಡೆದೀತು ಎಂಬ ಸ್ಥೂಲವಾದ ಎಣಿಕೆಯೊಂದುಂಟು. ಎರಡು ತಿಂಗಳ ಮರಿಗೆ ಮೂರು ಗಂಟೆ. ಆಡುತ್ತಿರುವಾಗ ಅಷ್ಟೂ ಇಲ್ಲ. ನಿದ್ರೆಯಿಂದ ಎದ್ದೊಡನೆ, ಆಟದ ನಡುವೆ ನೆಲ ಮೂಸುತ್ತ ಸುತ್ತತೊಡಗಿದಾಗ, ಊಟವಾದ ಅರ್ಧ ಗಂಟೆಯೊಳಗೆ ಅದನ್ನು ಹಿತ್ತಲಿನ ಗೊತ್ತಾದ ಒಂದೇ ಜಾಗಕ್ಕೆ ಕರೆದೊಯ್ಯಬೇಕು. ಹೊಟ್ಟೆಗೆ ಅನ್ನ ಬಿದ್ದೊಡನೆ ಕರುಳು ಚಲಿಸುವುದು ಶರೀರಧರ್ಮ. ಊಟದ ಹೊತ್ತು ನಿಯತವಾದರೆ ಉಳಿದುದೂ ನಿಯತವಾಗುತ್ತದೆ. ರಾತ್ರಿ ಒಮ್ಮೆಯಾದರೂ ಎದ್ದು ಹೊರಗೆ ಬಿಡಬೇಕಾಗುತ್ತದೆ. ಅದಕ್ಕೆ ಬೇಸತ್ತು ಕುಡಿಯುವ ನೀರನ್ನು ತಡೆಯಲಾಗದು.

ಹೊರಗೆ ಕೆಲಸವಾದ ಆ ಕ್ಷಣದಲ್ಲಿಯೇ ಮೆಚ್ಚುಮಾತನ್ನೂ ಒಂದು ಚೂರು ತಿಂಡಿಯನ್ನೂ ಕೊಡಬೇಕು. ಒಳಗೆ ಬಂದು ಡಬ್ಬಿ ಹುಡುಕಿ ಕೊಟ್ಟರೆ ಪ್ರಯೋಜನವಿಲ್ಲ. ರಷ್ಯದ ಪಾವ್ಲೊವ್ ಪಂಡಿತನ ಪ್ರಯೋಗಗಳಲ್ಲಿ ನಾಯಿಯು ಆಹಾರದ ಮುನ್ಸೂಚನೆಯಾಗಿ ಕೇಳಿಬಂದ ಶಬ್ದಕ್ಕೇ ಜೊಲ್ಲು ಸುರಿಸುವುದನ್ನು ಕಲಿತಿತು. ಎರಡು ಸಂಗತಿಗಳು ಒಂದರ ಬೆನ್ನಿಗೊಂದು ಬಂದರೆ ಮಾತ್ರ ಅದರ ಮನಸ್ಸಿನಲ್ಲಿ ಬೆಸುಗೆ ಬೀಳುತ್ತದೆ.

ಶಿಕ್ಷೆಯ ವಿಷಯದಲ್ಲಿ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ನಮ್ಮ ಮನೆಗೆ ಮೊದಲು ಬಂದ ಮರಿಯನ್ನು ನಾನು ಸುರುಳಿ ಸುತ್ತಿದ ಪತ್ರಿಕೆಯಿಂದ ಹೊಡೆದೆ; ಮೂತಿಯನ್ನು ನೆಲಕ್ಕೆ ಒತ್ತಿಯೂ ಗದರಿಸಿದೆ. ಅದು ಕಲಿತ ಪಾಠವೆಂದರೆ, ಈ ಮನುಷ್ಯನ ಕಣ್ಣೆದುರಿಗೆ ಮಾತ್ರ ಕೂಡದು ಎಂಬುದು. ಹಿತ್ತಲಿನಲ್ಲಿ ನಾನು ನಿಂತಿರುವವರೆಗೂ ಬಿಗಿಹಿಡಿದುಕೊಂಡಿದ್ದು, ಒಳಗೆ ಬಂದೊಡನೆ ಪುಸ್ತಕದ ಬೀರುವಿನ ಹಿಂದೆ ಹೋಗಿ ಮುಗಿಸುತ್ತಿತ್ತು. ಮನೆಯಲ್ಲಿ ಎಲ್ಲರೂ ಅದನ್ನು ಕಳ್ಳನೆಂದರು. ಕಳ್ಳತನವನ್ನು ಕಲಿಸಿದವನು ನಾನು. ಅದು ನನ್ನನ್ನು ನಂಬುವಂತಾಗಲು ಎಷ್ಟೋ ತಿಂಗಳುಗಳು ಬೇಕಾದುವು.

ತಪ್ಪು ಅದಕ್ಕೆ ಗೊತ್ತು, ಮುಖ ನೋಡಿದರೆ ತಿಳಿಯುವುದಿಲ್ಲವೇ ಎನ್ನುವವರಿದ್ದಾರೆ. ನ್ಯೂಯಾರ್ಕಿನ ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ವಿದುಷಿ ಇದನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ತಿನ್ನಕೂಡದೆಂದ ತಿಂಡಿಯನ್ನು ತಿಂದ ನಾಯಿಯಾಗಲಿ ತಿನ್ನದ ನಾಯಿಯಾಗಲಿ, ಒಡೆಯನು ಗದರಿಸಿದಾಗಲೇ ಆ ಅಪರಾಧಿಯ ಮುಖವನ್ನು ಹೊತ್ತು ನಿಲ್ಲುತ್ತಿತ್ತು. ನಾವು ಪಶ್ಚಾತ್ತಾಪವೆಂದು ಓದುವುದು ಭಯವನ್ನು. ಆದುದರಿಂದ ಒಳಗೆ ತಪ್ಪು ನಡೆಯುತ್ತಿರುವುದನ್ನು ಕಂಡರೆ ಸದ್ದಿಲ್ಲದೆ ಎತ್ತಿ ಹೊರಗೆ ಬಿಡಿ. ಆಗಿಹೋಗಿದ್ದರೆ ಒರೆಸಿ ಸುಮ್ಮನಿರಿ.

ಒರೆಸುವುದರಲ್ಲಿಯೂ ವಿವೇಕ ಬೇಕು. ಫಿನಾಯಿಲಿನ ಘಾಟು ನಮ್ಮ ಮೂಗನ್ನು ಮರೆಸಬಹುದು; ನಾಯಿಗೆ ಅದರ ಅಡಿಯ ವಾಸನೆ ತಿಳಿಯುತ್ತದೆ, ವಾಸನೆಯಿದ್ದ ಕಡೆಗೆ ಅದು ಮತ್ತೆ ಬರುತ್ತದೆ. ಮೂತ್ರದ ಅಂಶಗಳನ್ನೇ ಒಡೆಯುವ ಕಿಣ್ವಯುಕ್ತ ದ್ರಾವಣಗಳು ಈಗ ದೊರೆಯುತ್ತವೆ, ಅವು ಮೇಲು. ಹಿತ್ತಲಿಲ್ಲದ ಮೇಲಂತಸ್ತಿನವರು ಮಣ್ಣೋ ಹುಲ್ಲೋ ತುಂಬಿದ ತಟ್ಟೆಯೊಂದನ್ನು ಬಾಲ್ಕನಿಯಲ್ಲಿ ಇಡಬಹುದು. ಪಾರ್ವೊ, ಡಿಸ್ಟೆಂಪರ್ ಮೊದಲಾದ ರೋಗಗಳ ಚುಚ್ಚುಮದ್ದುಗಳು ಮುಗಿಯುವವರೆಗೆ ಬೇರೆ ನಾಯಿಗಳು ಓಡಾಡುವ ಬೀದಿಯ ನೆಲ ಮರಿಗೆ ಅಪಾಯಕರ. ಕಲಿತ ಮರಿ ಇದ್ದಕ್ಕಿದ್ದಂತೆ ಮೇಲಿಂದ ಮೇಲೆ ಮೂತ್ರಮಾಡತೊಡಗಿದರೆ ಅದು ಹಟವಲ್ಲ, ರೋಗವಿರಬಹುದು, ಪಶುವೈದ್ಯರಿಗೆ ತೋರಿಸತಕ್ಕದ್ದು.

ನಾಯಿಯ ಬಾಲ ಎಂದಿಗೂ ಡೊಂಕೇ ಎಂದು ಗಾದೆ. ಬಾಲದ ಮಾತು ಹೇಗಾದರೂ ಇರಲಿ, ಈ ಅಭ್ಯಾಸವನ್ನು ನಾಲ್ಕರಿಂದ ಆರು ತಿಂಗಳ ವಯಸ್ಸಿಗೆ ಹೆಚ್ಚಿನ ಮರಿಗಳು ಕಲಿಯುತ್ತವೆ. ಕೆಲವಕ್ಕೆ ವರುಷವೂ ಹಿಡಿದೀತು. ಅಷ್ಟು ದಿನ ಬೆಳಗ್ಗೆ ಮುಂಚೆ ಎದ್ದು ಹಿತ್ತಲ ಬಾಗಿಲನ್ನು ತೆರೆಯುವುದು ನಮ್ಮಿಂದಾಗದಿದ್ದರೆ, ಮರಿಯನ್ನು ತರುವ ಮೊದಲೇ ಅದನ್ನು ಯೋಚಿಸುವುದು ಒಳ್ಳೆಯದು. ತಂದ ಮೇಲೆ ಅದಕ್ಕೆ ಹೋಗಲು ಬೇರೆ ಮನೆಯಿಲ್ಲ.