ಇರುಳಿನ ಸವಾರಿ: ಬೆಳಕಿನ ಲೆಕ್ಕ

ಕಬ್ಬು ಕಡಿಯುವ ಕಾಲದಲ್ಲೊಮ್ಮೆ, ರಾತ್ರಿ ಎಂಟು ಗಂಟೆಯ ಮೇಲೆ, ಮಂಡ್ಯ ಜಿಲ್ಲೆಯ ಹಳ್ಳಿದಾರಿಯೊಂದರಲ್ಲಿ ನಾವು ಮೋಟಾರುಸೈಕಲ್ಲಿನಲ್ಲಿ ಬರುತ್ತಿದ್ದೆವು. ಎದುರಿನಿಂದ ಬಂದ ಲಾರಿಯೊಂದು ಕಣ್ಣು ಕೋರೈಸಿ ಹಾದುಹೋಯಿತು. ಮರುಕ್ಷಣವೇ, ಕಬ್ಬು ಹೇರಿದ ಎತ್ತಿನ ಗಾಡಿಯೊಂದು ಗೋಡೆಯಂತೆ ಮುಂದಿತ್ತು! ಮಾರುದೂರದಲ್ಲಿ ಹೇಗೋ ನಿಂತೆವು. ಗಾಡಿಯವನು ಇಳಿದು ಬಂದು, "ನಿಮ್ ದೀಪ ಆಗ್ಲೇ ಕಂಡಿತ್ತು ಸ್ವಾಮಿ, ನಿಮ್ಗೂ ಗಾಡಿ ಕಂಡಿರ್ತದೆ ಅನ್ಕಂಡೆ" ಎಂದನು.

ಅವನು ಹಾಗೆಣಿಸಿದ್ದು ಸಹಜವೇ. ಆದರೆ ದೀಪವನ್ನು ಕಾಣುವುದು ಬೇರೆ, ದೀಪದಿಂದ ಕಾಣುವುದು ಬೇರೆ. ನಮ್ಮ ದೀಪದ ಕಿರಣವು ನೇರವಾಗಿ ಅವನ ಕಣ್ಣನ್ನು ಸೇರುತ್ತದೆ. ಅವನ ಗಾಡಿ ನಮಗೆ ಕಾಣಬೇಕಾದರೋ, ಬೆಳಕು ಅಲ್ಲಿಗೆ ಹೋಗಿ ಹಿಂದಿರುಗಬೇಕು. ದೂರವು ಇಮ್ಮಡಿಯಾದರೆ ವಸ್ತುವಿನ ಮೇಲೆ ಬೀಳುವ ಬೆಳಕು ಕಾಲುಭಾಗಕ್ಕಿಳಿಯುವುದೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಬಿದ್ದಷ್ಟರಲ್ಲಿಯೂ ಬಹುಪಾಲನ್ನು ಮಾಸಲು ಬಣ್ಣದ ಹೊರೆಯು ಹೀರಿಕೊಂಡು, ಉಳಿದುದನ್ನು ದಿಕ್ಕುದಿಕ್ಕಿಗೆ ಚೆದರಿಸುತ್ತದೆ. ಆದುದರಿಂದ ಡಿಪ್ ಮಾಡಿದ ದೀಪದಲ್ಲಿ ಇಂತಹ ಹೊರೆಯು 30-40 ಮೀಟರಿನೊಳಗೆ ಬಂದ ಮೇಲೆಯೇ ಗೋಚರವಾಗುವುದುಂಟು.

ಇನ್ನು ವೇಗದ ಮಾತು. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಕಂಡುದನ್ನು ಅರಿತು ಬ್ರೇಕು ಹಿಡಿಯುವುದಕ್ಕೆ ಒಂದೂವರೆ ಸೆಕೆಂಡು ಹಿಡಿದರೆ 25 ಮೀಟರ್ ಕಳೆದುಹೋಯಿತು. ಆಮೇಲೆ ಒಣಡಾಂಬರಿನ ಮೇಲೆ ಸಾಧಾರಣ ಸವಾರನು ನಿಲ್ಲಲು ಮತ್ತೆ 28 ಮೀಟರಿನಷ್ಟು ಬೇಕು. ಒಟ್ಟು 53! ವೇಗವು 40ಕ್ಕಿಳಿದರೆ ಇದೇ ಲೆಕ್ಕ 29ಕ್ಕೆ ಮುಗಿಯುತ್ತದೆ. ಆ ರಾತ್ರಿ ನಮ್ಮ ವೇಗ 40ನ್ನು ಮೀರಿರಲಿಲ್ಲ. ಅದು ನಮ್ಮ ವಿವೇಕದಿಂದಲ್ಲ, ರಸ್ತೆಯ ಹಳ್ಳಗಳ ಕೃಪೆಯಿಂದ. ಒಕ್ಕಣೆಗೆಂದು ಹರಡಿದ ಹುರುಳಿಯ ಮೇಲೆ ಚಕ್ರ ಹರಿದರಂತೂ ಯಾವ ಲೆಕ್ಕವೂ ನಡೆಯದು.

ಲಾರಿಯ ಪಾಲೂ ಇದರಲ್ಲಿ ಸಣ್ಣದಲ್ಲ. ನಮ್ಮ ಅಕ್ಷಿಪಟಲದಲ್ಲಿ ಮಂದ ಬೆಳಕನ್ನು ಗ್ರಹಿಸುವ ದಂಡಕೋಶಗಳಿವೆ. ಅವುಗಳಲ್ಲಿರುವ ರೊಡಾಪ್ಸಿನ್ ಎಂಬ ವರ್ಣದ್ರವ್ಯವು ತೀಕ್ಷ್ಣ ಬೆಳಕಿಗೆ ಸಿಕ್ಕಿ ಒಡೆಯುತ್ತದೆ. ಬಿಸಿಲಿನಿಂದ ಕತ್ತಲಕೋಣೆಗೆ ಹೋದವನ ಕಣ್ಣು ಪೂರ್ತಿಯಾಗಿ ಹೊಂದಿಕೊಳ್ಳಲು ಅರ್ಧ ಗಂಟೆ ಹಿಡಿಯುತ್ತದೆ. ಲಾರಿಯ ದೀಪದಿಂದ ಅಷ್ಟು ಕೇಡಾಗದು, ನಿಜ. ಆದರೆ ಮೂರೇ ಸೆಕೆಂಡು ದೃಷ್ಟಿ ಮಂಕಾದರೂ 60ರ ವೇಗದಲ್ಲಿ 50 ಮೀಟರನ್ನು ನಾವು ಕುರುಡರಂತೆಯೇ ಕ್ರಮಿಸಿರುತ್ತೇವೆ.

ಕಾರಿಗಿಲ್ಲದ ತೊಡಕೊಂದು ಮೋಟಾರುಸೈಕಲ್ಲಿಗುಂಟು. ತಿರುವಿನಲ್ಲಿ ವಾಹನದೊಡನೆ ದೀಪವೂ ವಾಲುವುದರಿಂದ, ಸವಾರನು ನೋಡಬೇಕಾದ ಒಳಮಗ್ಗುಲೇ ಕತ್ತಲಾಗುತ್ತದೆ.

ಬೆಳಕನ್ನು ಚೆದರಗೊಡದೆ ಬಂದ ದಾರಿಯಲ್ಲಿಯೇ ಹಿಂದಿರುಗಿಸುವ ಪಟ್ಟಿಗಳು ಈಗ ಸುಲಭವಾಗಿ ದೊರೆಯುತ್ತವೆ. ಅವುಗಳ ಮೈಯಲ್ಲಿ ಹುದುಗಿರುವ ಸೂಕ್ಷ್ಮವಾದ ಗಾಜಿನ ಮಣಿಗಳದೇ ಈ ಚಮತ್ಕಾರ. ಗೇಣುದ್ದದ ಪಟ್ಟಿಯೂ ನೂರು ಮೀಟರಿನಾಚೆಯಿಂದ ಹೊಳೆಯಬಲ್ಲದು. ಇಂತಹದೊಂದನ್ನು ಗಾಡಿಗೆ ಏಕೆ ಅಂಟಿಸಬಾರದೆಂದು ನಾವು ಗಾಡಿಯವನನ್ನು ಕೇಳಿದೆವು. ಅವನು ಹಿಂಬದಿಗೆ ಹೋಗಿ, ಜೋತುಬಿದ್ದಿದ್ದ ಕಬ್ಬಿನ ಸೋಗೆಯನ್ನು ಎರಡು ಕೈಗಳಿಂದ ಎತ್ತಿ ಹಿಡಿದನು. ಒಳಗೆ ಕೆಂಪು ಪಟ್ಟಿಯೊಂದು ನಮ್ಮ ದೀಪಕ್ಕೆ ಝಗ್ಗನೆ ಹೊಳೆಯಿತು.